ಕರೆಂಟಿಲ್ಲದ ಮಂಗಳವಾರ

ಆಡು ಮುಟ್ಟದ ಸೊಪ್ಪಿಲ್ಲ ಅಂದವರು
ಆಡು ಸಾಕಿದವರಲ್ಲ.
ನೆಲಕ್ಕೆ ಬಿದ್ದದ್ದು ಮುಟ್ಟಲ್ಲ,
ಪಕ್ಕದ ಆಡು ಮೂಸಿದ್ದು ಮುಟ್ಟಲ್ಲ,
ನಿನ್ನೆಯದು, ನೆಂದದ್ದು,
ನಾನು ಬೆವರು ಸುರಿಸಿ ಹೊತ್ತು ತಂದದ್ದು
ಎಲ್ಲಕ್ಕೂ ಒಂದು ಸೀನು ಸೀನಿ ಮುಖ ತಿರುಗಿಸುತ್ತವೆ,
ಮದುವೆಮನೆಯಲ್ಲಿ ಗಂಡಿನ ಕಡೆಯವರ ಹಾಗೆ.

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಬಾಗಿಲು ಹಾಕಿದಾಗ
ಹದಿನಾಲ್ಕು ವರ್ಷದ ಪಿ.ಎಫ್. ಕೈಗೆ ಬಂತು.
ಹದಿನಾಲ್ಕು ವರ್ಷ ನಾನು ಹೊಲಿದದ್ದು ಬರೀ ಕಾಲರು.
ಗಂಟೆಗೆ ಎಂಬತ್ತು.
ಒಂದು ಇಡೀ ಅಂಗಿ ನನ್ನ ಕೈಯಲ್ಲಿ ಮುಗಿದದ್ದಿಲ್ಲ.
ಅಣ್ಣ ಹೇಳಿದ, ಚಿನ್ನ ತಗೋ.
ಓರಗಿತ್ತಿ ಹೇಳಿದಳು, ಚೀಟಿ ಹಾಕು.
ನಾನು ಚಿಂತಾಮಣಿಯ ಬಸ್ಸು ಹತ್ತಿದೆ.

ಟವಲಿನ ಕೆಳಗೆ ಹೆಂಗಸಿನ ಬೆರಳು ಹಿಡಿಯಲು ದಲ್ಲಾಳಿಗೆ ನಾಚಿಕೆ.
ಹಾಗಾದರೆ ಬಾಯಲ್ಲೇ ಹೇಳಪ್ಪ ಅಂದೆ.
ಬಾಯಲ್ಲಿ ಹೇಳಿದರೆ ಬೆಲೆ ನಾಲ್ಕು ಜನಕ್ಕೆ ಕೇಳಿಸುತ್ತಲ್ಲ,
ಅದಕ್ಕೇ ಏನೋ ಐನೂರು ಇಳಿಸಿದ.
ನಾಲ್ಕು ಹೆಣ್ಣು, ಒಂದು ಹೋತ.
ಟೆಂಪೋದ ಹಿಂದೆ ಅವುಗಳ ಜೊತೆ ನಿಂತು ಬಂದೆ
ಅಂಜನಾಪುರದವರೆಗೂ.

ಜಾಗ ಪಿಳ್ಳಪ್ಪನವರದು, ಅವರ ತಮ್ಮನದೂ ಅಂತೆ.
ಎರಡು ಅಪಾರ್ಟ್‌ಮೆಂಟಿನ ನಡುವೆ, ಬೇಲಿ, ಬೋರ್ಡು:
'ಈ ಸ್ವತ್ತು ನ್ಯಾಯಾಲಯದಲ್ಲಿದೆ'.
ಕೇಸು ಮುಗಿಯೋವರೆಗೂ ಇಟ್ಕಳಮ್ಮ ಅಂದರು.
ಹೋತ ಆ ಬೋರ್ಡಿಗೇ ಬೆನ್ನು ಉಜ್ಜುತ್ತದೆ.
ದೇವರೇ, ಜಡ್ಜುಗಳಿಗೆ ಆಯಸ್ಸು ಕೊಡು, ಆತುರ ಕೊಡಬೇಡ.

ಸೆಂಟ್ರಿಂಗ್ ಹಲಗೆ ಕೊಂಡು ಅಟ್ಟಣೆ ಕಟ್ಟಿದೆ.
ಹಿಕ್ಕೆ ಬೀಳಬೇಕು, ಗೊರಸು ಸಿಕ್ಕಬಾರದು:
ಕಿರುಬೆರಳಷ್ಟು ಸಂದು.
ಅಳತೆ ನನಗೆ ಗೊತ್ತಿದ್ದ ಕೆಲಸವೇ.

ಗೊತ್ತಿಲ್ಲದ್ದು ಅನ್ನ.
ಛತ್ರದವರು ಒಂದು ಬಕೆಟ್ಟು ಬಿಸಿಬೇಳೆಬಾತು ಕೊಟ್ಟರು,
ಪಾಪ, ತಿನ್ನಲಿ ಅಂತ ಪೂರ್ತಿ ಇಟ್ಟೆ.
ಬೆಳಗಾಗುವುದರಲ್ಲಿ ಕೆಂದ ಆಡಿನ ಹೊಟ್ಟೆ ತಮಟೆ.
ಲೆಕ್ಕದ ಪುಸ್ತಕದಲ್ಲಿ ರಿಜೆಕ್ಟ್ ಪೀಸ್ ಅಂತ ಬರೆದು
ಆಮೇಲೆ ಹೊಡೆದುಹಾಕಿದೆ.
ರಿಜೆಕ್ಟನ್ನು ಬಿಚ್ಚಿ ಮತ್ತೆ ಹೊಲಿಯಬಹುದಿತ್ತು ಅಲ್ಲಿ.

ಈಗ ನನ್ನ ಸೊಪ್ಪೆಲ್ಲ ಬೆಸ್ಕಾಮಿನದು.
ತಂತಿಗೆ ತಾಗುವ ಕೊಂಬೆ ಕಡಿಯುವ ದಿನ
ಲೈನ್‌ಮನ್ ದೊಡ್ಡೀರ ಫೋನ್ ಮಾಡುತ್ತಾನೆ:
ಚಿಕ್ಕತಾಯಕ್ಕ, ಮಂಗಳವಾರ, ಹತ್ತರಿಂದ ನಾಲ್ಕು, ಅತ್ತಿಮರ.
ಹೊಂಗೆಯಾದರೆ ಬೇಡ ಅಂತ ಅವನಿಗೂ ಗೊತ್ತು.
ಏರಿಯಾ ಪೂರ್ತಿ ಫ್ಯಾನು ನಿಂತು ಬೈಯುವಾಗ
ನಾನು ಹಗ್ಗ ಹಿಡಿದು ಏಣಿಯ ಕೆಳಗೆ,
ಎಲೆ ನೆಲಕ್ಕೆ ಬೀಳುವ ಮೊದಲೇ ಹಿಡಿಯಬೇಕು,
ರಾಣಿಯರು ಕಾಯುತ್ತಿರುತ್ತಾರೆ.

ಶ್ರಾವಣದ ಒಂದು ರಾತ್ರಿ ಹನ್ನೊಂದೂವರೆಗೆ ಗೇಟು ಬಡಿದರು.
ಆರನೇ ಮಹಡಿಯವರು. ವಾಸನೆ ಅಂತ ಕಂಪ್ಲೇಂಟಿಗೆ
ಮೊದಲ ಸಹಿ ಹಾಕಿದವರು.
ಮಗಳಿಗೆ ಡೆಂಗ್ಯೂ, ಯಾರೋ ಆಡಿನ ಹಾಲು ಅಂದಿದ್ದಾರೆ,
ಕೈಯಲ್ಲಿ ಸ್ಟೀಲಿನ ನೀರಿನ ಬಾಟಲಿ.
ಏರುತ್ತೋ ಇಲ್ಲವೋ ನಾನು ಕಾಣೆ ಸ್ವಾಮಿ,
ಡಾಕ್ಟರನ್ನ ಕೇಳಿ, ಕಾಯಿಸದೆ ಮಾತ್ರ ಕುಡಿಸಬೇಡಿ ಅಂದೆ.
ಅವರೇ ಮೊಬೈಲಿನ ಬೆಳಕು ಹಿಡಿದರು.
ನಿದ್ದೆಗೆಟ್ಟ ಆಡು ಕೊಟ್ಟದ್ದು ಅರ್ಧ ಲೋಟ.
ಐನೂರು ಚಾಚಿದರು, ಚಿಲ್ಲರೆ ಇರಲಿಲ್ಲ,
ನಾಳೆ ಕೊಡಿ ಅಂದೆ.

ನಾಳೆ ಬರಲಿಲ್ಲ. ಕಂಪ್ಲೇಂಟು ಹಾಗೇ ಇದೆ.
ಕೇಳುವುದು ಹೇಗೆ?
ಮನೆ ಸಂಖ್ಯೆಯೂ ಗೊತ್ತಿಲ್ಲ ನನಗೆ.

ಇವತ್ತು ಮಂಗಳವಾರ. ಕರೆಂಟಿಲ್ಲ.
ಎಲ್ಲರೂ ಬಾಲ್ಕನಿಯಲ್ಲಿದ್ದಾರೆ.
ಸೊಪ್ಪು ಇಳಿಸಿ ತಲೆ ಎತ್ತಿ ಎಣಿಸಿದೆ: ನಾಲ್ಕು, ಐದು, ಆರು.
ತಂತಿಯ ಮೇಲೆ ಒಂದು ಶಾಲೆಯ ಅಂಗಿ, ಚಿಕ್ಕ ಸೈಜು,
ನೀರು ಇನ್ನೂ ತೊಟ್ಟಿಕ್ಕುತ್ತಿದೆ.
ಅವರದೇನಾ, ಪಕ್ಕದ ಮನೆಯದಾ,
ಇಲ್ಲಿಂದ ಹೇಳಲಾಗುವುದಿಲ್ಲ.
ಕಾಲರು ಮಾತ್ರ ಸರಿಯಾಗಿ ಕೂತಿದೆ.

ಹಿಂದಿನಿಂದ ಕರಿ ಆಡು ಸೆರಗು ಜಗ್ಗುತ್ತಿದೆ.
ಬಂದೆ, ಬಂದೆ ಕಣೇ.