ನೀಲಿ ಕೈಗೊಂದು ಸೋಪು

ಮೊದಲನೇ ಸಲ ಬೊಗುಣಿ ತೂತಾತು.
ಅಲ್ಯೂಮಿನಿದು, ತವರಿಂದ ಬಂದದ್ದು,
ಸೋಡಾ ಬಿದ್ದ ಕೂಡಲೆ ಬುಸುಗುಟ್ಟಿ ಕರ್ರಗಾಗಿ
ತಳದಾಗ ಕಣ್ಣು ಬಿಡ್ತು.
ನಮ್ಮತ್ತಿ ಅದನ್ನ ಬಿಸಿಲಿಗೆ ಹಿಡಿದು
ತೂತಿನಾಗಿಂದ ನನ್ನ ನೋಡಿದಳು.
ಏನೂ ಅನ್ನಲಿಲ್ಲ.

ಸ್ಟೀಲಿನ ಬಕೀಟು ಕೊಟ್ಟವಳು ಬಾಜೂಮನಿ ರಮಿಜಾಬಿ.
ನೀರಿಗೆ ಸೋಡಾ ಹಾಕು,
ಸೋಡಾಕ್ಕ ನೀರು ಹಾಕಬ್ಯಾಡ, ಮಾರಿಗೆ ಸಿಡೀತೈತಿ;
ಸಿಟ್ಟಿಗೆದ್ದ ಗಂಡಸಿಗೆ ಊಟ ಬಡಿಸಿದಂಗ
ಸ್ವಲ್ಪ ಸ್ವಲ್ಪ, ದೂರ ನಿಂತು.

ಎಣ್ಣಿ ಕಾಸಾಕ ಒಲಿ ಹಚ್ಚಲಿಲ್ಲ.
ಏಪ್ರಿಲ್ಲು. ಕೌಲ್ ಬಜಾರಿನ ಮಾಳಿಗಿ.
ಹೊಂಗಿ ಎಣ್ಣಿ, ಕೊಬ್ಬರಿ ಎಣ್ಣಿ ಎರಡೂ
ಹತ್ತು ಗಂಟಿಗೇ ಬೆಚ್ಚಗಾಗಿ ಕುಂತಿದ್ದವು.
ಬೇವು ಅರೆದೆ, ಲೋಳೆಸರ ಹೆರೆದೆ,
ಗುಡ್ಡದ ಹಿಂದ ಬಿಡಿಸಿ ತಂದು ಒಣಗಿಸಿದ
ತಂಗಡಿ ಹೂವಿನ ಪುಡಿ ಉದುರಿಸಿದೆ.
ಕಡಗೋಲು ತಿರುವಿ ತಿರುವಿ
ರಟ್ಟಿ ಸೋತು ಬಿಡಬೇಕು ಅನ್ನೂದ್ರಾಗ
ಅಂಬಲಿ ಹದ ಬಂತು.
ಸೌಟಿನಿಂದ ಬಿದ್ದ ಎಳಿ
ಮುಳುಗಲಿಲ್ಲ, ಮ್ಯಾಲೇ ನಿಂತಿತು,
ಹಸಿ ಅಂಗಳದ ರಂಗೋಲಿಯಂಗ.
ಪೆಟ್ಟಿಗಿಗೆ ಸುರುವಿ
ರಿಜೆಕ್ಟಾದ ಜೀನ್ಸಿನಾಗ ಸುತ್ತಿಟ್ಟೆ.

ಮಾರನೇ ದಿನ ಕೊಯ್ದು ಹಲಗಿ ಮ್ಯಾಲೆ ಜೋಡಿಸಿದಾಗ
ನಲವತ್ತು ದಿನ ಮುಟ್ಟಬ್ಯಾಡ ಅಂದಳು ರಮಿಜಾಬಿ.
ಬಾಣಂತಿಗೂ ಅಷ್ಟೇ ಅಲ್ಲೇನು?
ಹೂಂ ಮತ್ತ, ಒಳಗಿನ ಉರಿ ಇಳೀಬೇಕಲ್ಲ.

ಅಕ್ಕಿ ಅಂಗಡಿ ಕ್ಯಾಲೆಂಡರಿನಾಗ ದಿನಾ ಒಂದು ಗೆರಿ.
ದಿನಾ ಗಾದಿಲಿಂಗ ಜೀನ್ಸ್ ವಾಷಿಂಗಿನಿಂದ ಬರತಿದ್ದ,
ಮೊಣಕೈ ತನಕ ನೀಲಿ.
ನೀಲಿ ಬೆರಳಿಲೆ ರೊಟ್ಟಿ ಮುರಿದು,
ಮಗಳ ಗಲ್ಲ ಹಿಂಡಾಕ ಹೋಗಿ
ಕೈ ಹಿಂದಕ್ಕ ತಗೊಂತಿದ್ದ.

ನಲವತ್ತೊಂದಕ್ಕ
ನಾಲಿಗಿ ತುದಿಗೆ ಮುಟ್ಟಿಸಿ ನೋಡಿದೆ.
ಕಚ್ಚಲಿಲ್ಲ.
ಬೊಗುಣಿ ತಿಂದ ಆ ಹಲ್ಲು
ಎಲ್ಲಿ ಹೋತೋ.

ಬಚ್ಚಲದಾಗ ಭಾಳ ಹೊತ್ತು ತಿಕ್ಕಿದ.
ನೀಲಿ ಹೋಗಲಿಲ್ಲ.
ಉಗುರಿನ ಸಂದಿ ಅಂತೂ ಇದ್ದಂಗೇ ಇತ್ತು,
ಪಾಚಿ ಬಣ್ಣದ ಸೋಪಿನ ಮ್ಯಾಲೆ
ಒಂದು ಹೆಬ್ಬೆಟ್ಟಿನ ಗುರುತು ಬಿದ್ದಿತ್ತು, ಅಷ್ಟೇ.
ಬ್ಲೀಚಿಂಗು ಹಚ್ಚಿ ಹಚ್ಚಿ ಸೀಳಿದ ಅಂಗೈ
ಮೂಸಿ ನೋಡಿಕೊಂಡು ಅಂದ:
ಉರಿಯೂದಿಲ್ಲ.

ಮಲಗೋ ಮುಂದ ಕೇಳಿದ,
ಎಷ್ಟು ಅದಾವ ಇನ್ನ?
ಹದಿಮೂರು.
ನಬಿ, ತಿಪ್ಪೇಶಿ, ಸುಂಕಪ್ಪ, ಆ ಹೊಸ ಹುಡುಗ…
ಕತ್ತಲಾಗ ಬೆರಳು ಮಡಚಿ ಮಡಚಿ
ಹದಿನೆಂಟಕ್ಕ ನಿಂತ.

ಅತ್ತಿ ಮಲಗ್ಯಾಳ ಅಂತ ತಿಳಿದಿದ್ದೆ.
ಆ ಮೂಲಿಯಿಂದ ದನಿ ಬಂತು:
ನನ್ನ ಟ್ರಂಕಿನಾಗ
ದೊಡ್ಡ ಸ್ಟೀಲಿನ ಡಬರಿ ಐತಿ,
ತಗೋ.