ಹಂಸಪಾದ

ಪ್ಯಾಸೆಂಜರು ಗದಗಿಗೆ ನಲವತ್ತು ನಿಮಿಷ ತಡ.
ಕೈಯಲ್ಲೊಂದು ಚೀಟಿ:
ಸೊಸೆಯ ಕುಕ್ಕರಿಗೆ ರಬ್ಬರು, ಹಳೇ ಮಾಡೆಲ್ಲು, ಬಳ್ಳಾರಿಯಲ್ಲಿ ಸಿಗದು;
ಎದುರುಮನೆ ಖೈರುನ್ನೀಸಾಗೆ ಬೆಟಗೇರಿ ಸೀರೆ, “ಕರೀ ಅಂಚು ಬ್ಯಾಡ”;
ಕನ್ನಡಕದ ಕಾಲಿಗೆ ಮೊಳೆ;
ಎಲ್ಲಕ್ಕೂ ಮೇಲೆ ಬರೆಯಬೇಕಾದ್ದು ಎಲ್ಲಕ್ಕೂ ಕೆಳಗೆ:
ಹುಟ್ಟಿದ ದಾಖಲೆಯಲ್ಲಿ ನನ್ನ ಹೆಸರು.

ಈ ಊರಲ್ಲಿ ಹುಟ್ಟಿದವಳು, ಈ ಊರವಳಲ್ಲ.
ಬಾಗಲಕೋಟಿ ಗಾಡಿಗೆ ಬದಲಿಸಿಕೊಳ್ಳಲು ಅವ್ವ ಇಲ್ಲಿಳಿದಳು,
ಗಾಡಿ ಬರುವ ಮೊದಲು ನಾನು ಬಂದೆ.
ಮೂರು ದಿನ ಇದ್ದೆನಂತೆ. ಆಮೇಲೆ ಐವತ್ತೊಂಬತ್ತು ವರ್ಷ
ಈ ಊರೆಂದರೆ ಕಿಟಕಿಯಲ್ಲಿ ಒಂದು ಚಹಾ,
ಸಿಗ್ನಲ್ಲು ಬೀಳುವ ತನಕ.
ಹಾಸ್ಟೆಲ್ಲಿನ ಒಲೆ ಬಿಡುವ ಕಾಲ ಬಂತು,
ಪಿಂಚಣಿ ಫೈಲು ಕೇಳುತ್ತದೆ: ನೀವು ನೀವೇ ಅನ್ನಲಿಕ್ಕೆ ಪುರಾವೆ?

ನಗರಸಭೆ, ಮೂರನೇ ಕಿಟಕಿ.
ಗುಮಾಸ್ತ ಬೆರಳಿಗೆ ಉಗುಳು ಹಚ್ಚಿ ನನ್ನ ವರ್ಷಕ್ಕೆ ಬಂದ.
ತಂದೆ, ಇದಾನೆ. ತಾಯಿ, ಇದಾಳೆ. ಹೆಣ್ಣು, ಹೌದು.
ಹೆಸರಿನ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ.
ಶಾಯಿ ಇನ್ನೂ ನೀಲಿ.
“ಸಾಹೇಬ್ರ ಸಹಿ ಬೇಕ್ರಿ. ಮೀಟಿಂಗಿಗೆ ಹೋಗ್ಯಾರ.
ನಾಕಕ್ಕ ಬರ್ರಿ. ಅಲ್ಲೀತನಕ ಊರು ನೋಡ್ರೆಲಾ.”

ನೋಡಿದೆ. ಟಾಂಗಾಕೂಟದಲ್ಲಿ ಟಾಂಗಾ ಇಲ್ಲ.
ಗಾಳಿ ಇದೆ, ಸೆರಗಿಗೆ ಎರಡು ಕೈಯೂ ಸಾಲದಷ್ಟು.
ಕನ್ನಡಕದವನು ಮೊಳೆ ತಿರುವಿ ಹತ್ತು ರೂಪಾಯಿ ಅಂದ,
ಮೂಗಿನ ಮೇಲೆ ತಾನೇ ಇಟ್ಟ, “ಈಗ ಕಾಣ್ತೈತೇನ್ರಿ?”

ಕಂಡಿತು:
ತ್ರಿಕೂಟೇಶ್ವರದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗ,
ಒಂದೇ ಬರ್ತಿನಲ್ಲಿ ಮೂವರು ಕೂತ ಹಾಗೆ;
ಬೆಣ್ಣೆ ಸವರಿದಂಥ ಕಂಬಗಳು, ಒಳಗೆ ಕೈ ಮುರಿದ ಸರಸ್ವತಿ.
ಬರೆಯುವ ಖಾತೆಯ ದೇವಿಗೇ ಕೈ ಇಲ್ಲದಿರುವಾಗ
ಪಾಪ, ಆ ಗುಮಾಸ್ತ.

ಅಂಗಳ ಗುಡಿಸುತ್ತಿದ್ದ ಸಂಕವ್ವ ಕಸಬರಿಗೆ ಗೋಡೆಗೆ ಒರಗಿಸಿ
ಒಂದು ಶಾಸನದ ಮುಂದೆ ನಿಲ್ಲಿಸಿದಳು.
ಸಾಲಿನ ಮಧ್ಯೆ ಸಣ್ಣ ಗುರುತು, ಅದರ ತಲೆಯ ಮೇಲೆ
ಒತ್ತಿಕೊಂಡು ಕೂತ ಒಂದು ಅಕ್ಷರ.
“ಕಲ್ಲು ಕಡಿಯಾಂವ ಬಿಟ್ಟಿದ್ದನಂತ್ರಿ. ಆಮ್ಯಾಲೆ ತುರುಕ್ಯಾನ.
ನನಗ ಓದಾಕ ಬರೂದಿಲ್ಲ. ಇದೊಂದ ಅಕ್ಷರ ಬರ್ತೈತಿ.”
ಬೆರಳಿಟ್ಟು ತೋರಿದಳು. ಅವಳು ಮುಟ್ಟಿ ಮುಟ್ಟಿ
ಅದು ಉಳಿದ ಅಕ್ಷರಗಳಿಗಿಂತ ಕಪ್ಪಾಗಿತ್ತು.
ಯಾವ ಅಕ್ಷರವೋ. ಹಳೆಯ ಲಿಪಿ, ನನಗೂ ಬರಲಿಲ್ಲ.

ಬೆಟಗೇರಿಗೆ ಹೋಗುವ ದಾರಿಯಲ್ಲಿ ವೀರಗಲ್ಲುಗಳು.
ಸತ್ತವನ ಹೆಸರು ಸವೆದಿದೆ,
ಕುದುರೆ ಇನ್ನೂ ಓಡುತ್ತಿದೆ.
ಮಗ್ಗದ ಮನೆಯಲ್ಲಿ ಕರೆಂಟು ಹೋಗಿತ್ತು;
ಬಾಗಿಲ ಬೆಳಕಿಗೆ ಸೀರೆ ಹಿಡಿದು
ಅಂಚು ನೀಲಿ ಅಂದರು. ನಾನೂ ಅಂದೆ.

ನಾಲ್ಕಕ್ಕೆ ಸಾಹೇಬರಿಲ್ಲ. ನಾಲ್ಕೂವರೆಗೆ ಅವರ ಡಬ್ಬಿ ಬಂತು.
ಐದಕ್ಕೆ ಅವರು.
“ಹೆಸರು?”
ನೀಲಗಂಗಾ, ಅಂದೆ. ಎಷ್ಟು ಜನ ಕರೆದ ಹೆಸರು,
ಎಷ್ಟು ಹಸಿದ ಹುಡುಗರು ಕಿಟಕಿಯಲ್ಲಿ ತಟ್ಟೆ ಬಡಿದು ಕೂಗಿದ ಹೆಸರು,
ಅಲ್ಲಿ ಹೇಳುವಾಗ ಬೇರೆ ಯಾರದೋ ಅನ್ನಿಸಿತು.
ಗುಮಾಸ್ತ ಅಡ್ಡಗೆರೆ ಅಳಿಸಲಿಲ್ಲ, ಅಳಿಸುವ ಹಾಗಿಲ್ಲವಂತೆ.
ಕೆಳಗೊಂದು ಹಂಸಪಾದ ಹಾಕಿ
ಮೇಲೆ ಬರೆದ, ಇರುವೆ ಸಾಲಿನಷ್ಟು ಸಣ್ಣಗೆ.

ಗಾಡಿ ಹೊರಟ ಮೇಲೆ ದಾಖಲೆ ಬಿಚ್ಚಿದೆ. ನೀಲಗಂಗ.
ದೀರ್ಘ ಬಿಟ್ಟುಹೋಗಿದೆ.
ಸೀರೆ ಬಿಚ್ಚಿದೆ. ಟ್ಯೂಬ್‌ಲೈಟಿನಲ್ಲಿ ಅಂಚು ಕಪ್ಪು.
ಕುಕ್ಕರಿನ ರಬ್ಬರು ನೆನಪಾದದ್ದು ಆಗಲೇ.

ಎದುರು ಕೂತ ಮುದುಕ ಕೇಳಿದ, “ಯಾವೂರಾತವ್ವ ನಿಂದು?”
ಬಳ್ಳಾರಿ, ಅಂದೆ.
ಬಾಯಿ ತುಂಬ ಗದಗಿನ ಮಿರ್ಚಿ ಇತ್ತು,
ಕಡಲೆಹಿಟ್ಟು ನನ್ನ ಕೈಯದಕ್ಕಿಂತ ಹಗುರ, ಒಪ್ಪಬೇಕು,
ಇನ್ನೇನೋ ಹೇಳುವುದಿತ್ತು.