ಕಾಲೂರಲು ಜಾಗ

ಮಲ್ಪೆ ಧಕ್ಕೆಯಲ್ಲಿ ಬೋಟಿನ ಫ್ಯಾನಿಗೆ ಬಲೆ ಸುತ್ತಿದರೆ
ವಾಮನ ತಿಂಗಳಾಯರಿಗೇ ಫೋನು.
ಸೊಂಟಕ್ಕೆ ಸೀಸ, ಹಲ್ಲಲ್ಲಿ ಚೂರಿ,
ಇರುವ ಒಂದೇ ಉಸಿರನ್ನು ಜೋಪಾನ ಮಾಡಿ
ಇಳಿಯುತ್ತಾರೆ ನನ್ನ ಮಾವ.

ಮೊನ್ನೆ ಮೊಬೈಲಲ್ಲಿ ತೋರಿಸಿದೆ:
ನೀಲಿ ಕೊಳದ ನಡುನೀರಲ್ಲಿ ಗಗನಯಾತ್ರಿ,
ಏಳದೆ, ಮುಳುಗದೆ,
ಒಂದು ಬೋಲ್ಟಿನೊಡನೆ ಗುದ್ದಾಟ.

"ಕಾಲೂರಲು ಜಾಗ ಇಲ್ಲ ನೋಡು.
ಬೋಲ್ಟು ತಿರುಗುವುದಿಲ್ಲ, ಅವನೇ ತಿರುಗುತ್ತಾನೆ.
ನನಗೆ ಚುಕ್ಕಾಣಿಯಾದರೂ ಉಂಟು ಹಿಡಿಯಲಿಕ್ಕೆ."

ಬೀಡಿ ಆರಿತು. ಆಮೇಲೆ ಕೇಳಿದರು:
ತಲೆಕೆಳಗಾದರೆ ನೆತ್ತರು ತಲೆಗೆ ಇಳಿಯುತ್ತದಾ ಅವನಿಗೆ?
ಕೊಳದಲ್ಲಿ ಇಳಿಯುತ್ತದೆ ಮಾವ,
ಮೇಲೆ ಹೋದರೆ ಇಲ್ಲ.
"ಹಾಗೆ ಹೇಳು. ನೀರು ಭಾರ ಹೊರುತ್ತದೆ,
ಅಳಿಸುವುದಿಲ್ಲ."

ಫೋನು ಬಂತು. ಎದ್ದರು.
ಧಕ್ಕೆಯ ಮೆಟ್ಟಿಲಲ್ಲಿ ಎರಡೂ ಮಂಡಿ ಕಟಕ್ ಎಂದವು.
ನೀರು ಸೊಂಟಕ್ಕೆ ಬಂದ ಮೇಲೆ
ಕೇಳಿಸಲಿಲ್ಲ.